ಕೆಟ್ಟವರ ಸಮಜಾಯಿಷಿ

ಒಳ್ಳೆಯವರ ಕಥೆ ಓದಲು ಕೂತರೆ ನನಗೆ ಹತ್ತನೇ ಪುಟಕ್ಕೆ ಆಕಳಿಕೆ ಶುರು. ನಾಯಕ ಬೆಳಗ್ಗೆ ಬೇಗ ಏಳುತ್ತಾನೆ, ಅಮ್ಮನ ಕಾಲಿಗೆ ನಮಸ್ಕಾರ ಮಾಡುತ್ತಾನೆ, ದಾರಿಯಲ್ಲಿ ಸಿಕ್ಕಿದ ಪರ್ಸನ್ನು ಪೊಲೀಸ್ ಠಾಣೆಗೆ ಕೊಟ್ಟು ಬರುತ್ತಾನೆ. ಸಂತೋಷ. ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಅದೇ ಪರ್ಸು ಸಿಕ್ಕಿದವನು ಆಚೀಚೆ ನೋಡಿ, ಜೇಬಿಗೆ ಇಳಿಸಿ, 'ಕಳೆದುಕೊಂಡವನಿಗೂ ಸ್ವಲ್ಪ ಬುದ್ಧಿ ಬರಬೇಕಲ್ಲ' ಅಂದುಕೊಂಡು ಮುಂದೆ ನಡೆದನೆನ್ನಿ, ನಾನು ದಿಂಬು ಎತ್ತರಿಸಿಕೊಂಡು, ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂರುತ್ತೇನೆ. ಪರ್ಸು ಹೊಡೆದದ್ದು ದೊಡ್ಡ ವಿಷಯವಲ್ಲ. ಆ ಸಮಜಾಯಿಷಿ ಇದೆಯಲ್ಲ, ಅದು. ಇಷ್ಟು ಚೆಂದದ ಸಮಜಾಯಿಷಿ ಕೊಟ್ಟುಕೊಳ್ಳುವವನು ಇನ್ನು ಏನೇನು ಮಾಡಿಯಾನು, ಮಾಡಿ ಏನೇನು ಹೇಳಿಯಾನು ಎಂಬ ಕುತೂಹಲ.

ಇದು ನಾಲ್ಕು ಜನರೆದುರು ಹೇಳಿಕೊಳ್ಳುವ ರುಚಿಯಲ್ಲ. ರಾತ್ರಿ ಊಟವಾದ ಮೇಲೆ ನಾನು ಕೊಲೆಗಾರರು, ವಂಚಕರು, ಹೆಂಡತಿಯ ಡೈರಿ ಕದ್ದು ಓದುವ ಗಂಡಂದಿರು, ಗಂಡನ ಹಾಲಿಗೆ ಏನನ್ನೋ ಬೆರೆಸುವ ಹೆಂಡತಿಯರು ಇಂಥವರ ಜೊತೆ ಕಾಲ ಕಳೆಯುವುದು ಅಮ್ಮನಿಗೆ ಸರಿಬರುವುದಿಲ್ಲ. "ಮಲಗೋ ಹೊತ್ತಲ್ಲಿ ಅಂಥವರ ಸಹವಾಸ ಯಾಕೋ? ಒಂದು ಸ್ತೋತ್ರ ಹೇಳ್ಕೊಂಡು ಮಲಗಬಾರದೇನೋ?" ಅನ್ನುತ್ತಾಳೆ. ಹೇಳುವವಳು ಸ್ವತಃ ಸಂಜೆ ಏಳರಿಂದ ಹತ್ತರವರೆಗೆ ಟೀವಿ ಮುಂದೆ ಇನ್ನೂ ಘೋರ ಸಹವಾಸದಲ್ಲಿರುತ್ತಾಳೆ. ಅಲ್ಲೊಬ್ಬಳು ಅತ್ತೆ. ಮಲಗುವಾಗಲೂ ರೇಷ್ಮೆ ಸೀರೆ, ಕಾಸಿನ ಸರ. ಸೊಸೆಯನ್ನು ಮನೆಯಿಂದ ಓಡಿಸುವ ಉಪಾಯವನ್ನು ಗೋಡೆಗೆ ಮುಖ ಮಾಡಿ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಾಳೆ; ಕೋಣೆಯ ಹೊರಗಿರುವ ಹತ್ತು ಜನರಲ್ಲಿ ಒಬ್ಬರಿಗೂ ಅದು ಕೇಳಿಸುವುದಿಲ್ಲ. ಅಮ್ಮ ಅವಳಿಗೆ ಹಾಕದ ಶಾಪವಿಲ್ಲ. ಆದರೆ ಆ ಅತ್ತೆ ಎರಡು ವಾರ ತೀರ್ಥಯಾತ್ರೆಗೆಂದು ಕಥೆಯಿಂದ ಆಚೆ ಹೋದಾಗ, "ಯಾಕೋ ಸೀರಿಯಲ್ಲು ಸಪ್ಪೆಯಾಗೋಯ್ತು" ಎಂದು ಪೇಚಾಡಿದವಳೂ ಅಮ್ಮನೇ. ಅವಳಿಗೆ ಶಿಕ್ಷೆಯಾಗಬೇಕು, ಆದರೆ ಈ ವಾರವೇ ಆಗಿಬಿಡಬಾರದು.

ಹಾಗಾಗಿ ಕೆಟ್ಟವರ ಮೇಲಿನ ಆಸೆ ವಂಶಪಾರಂಪರ್ಯವಾಗಿಯೇ ಬಂದದ್ದು. ಅಮ್ಮನ ಕೆಟ್ಟವರಿಗೂ ನನ್ನ ಕೆಟ್ಟವರಿಗೂ ಇರುವ ಒಂದೇ ವ್ಯತ್ಯಾಸವೆಂದರೆ, ಅವಳ ಕೆಟ್ಟವರು ಕಣ್ಣು ಅಗಲಿಸುತ್ತಾರೆ, ನನ್ನವರು ಕಾರಣ ಕೊಡುತ್ತಾರೆ.

ಕೆಟ್ಟವರನ್ನು ನೋಡಲು ಪುಸ್ತಕವೇ ಯಾಕೆ, ಹೊರಗಡೆ ಸಿಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಸಿಗುತ್ತಾರೆ. ನಾನಿರುವುದು ಕೋಗಿಲಿನಲ್ಲಿ. ಯಲಹಂಕದ ಪಕ್ಕ, ಬಳ್ಳಾರಿ ರಸ್ತೆಯಿಂದ ಒಳಕ್ಕೆ. ಸಂಜೆ ಆರೂವರೆಗೆ ಕೋಗಿಲು ಕ್ರಾಸಿನಲ್ಲಿ ರಸ್ತೆ ದಾಟಲು ನಿಂತರೆ ಮನುಷ್ಯಸ್ವಭಾವದ ಸಮಗ್ರ ದರ್ಶನ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ, ಹೆಡ್‌ಲೈಟನ್ನು ನಮ್ಮ ಕಣ್ಣಿಗೇ ಬಿಟ್ಟು, ಒಬ್ಬ ಸ್ಕೂಟರಿನಲ್ಲಿ ಬರುತ್ತಾನೆ. ಹಿಂದೆ ಹೆಂಡತಿ, ಮುಂದೆ ಮಗು, ಕಾಲ ಬಳಿ ಗ್ಯಾಸ್ ಸಿಲಿಂಡರು. ನಾವು ದುರುಗುಟ್ಟಿ ನೋಡಿದರೆ ಅವನು ನಮ್ಮನ್ನೇ ದುರುಗುಟ್ಟಿ ನೋಡುತ್ತಾನೆ. ಕೇಳಿದರೆ ಉತ್ತರ ಸಿದ್ಧ: "ಇಲ್ಲೇ ಪಕ್ಕದಲ್ಲೇ ಸಾರ್." ಈ 'ಇಲ್ಲೇ ಪಕ್ಕದಲ್ಲೇ' ಎಂಬುದರ ಮುಂದೆ ಮೋಟಾರು ವಾಹನ ಕಾಯ್ದೆ ನಿಲ್ಲುವುದಿಲ್ಲ.

ಈ ಮನುಷ್ಯ ನನಗೆ ಸ್ವಲ್ಪವೂ ಇಷ್ಟವಿಲ್ಲ. ಆದರೆ ಇವನನ್ನೇ ಪವನ್ ಕುಮಾರ್ 2016ರಲ್ಲಿ 'ಯು ಟರ್ನ್' ಚಿತ್ರದೊಳಗೆ ತಂದಾಗ ನಾನು ಸೀಟಿನ ತುದಿಯಲ್ಲಿ ಕೂತು ನೋಡಿದೆ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆ, ನಡುವೆ ಅಡ್ಡಕ್ಕಿಟ್ಟ ಕಲ್ಲುಗಳು. ಯಾರೋ ಒಬ್ಬ ಸುತ್ತಿಕೊಂಡು ಹೋಗುವ ಸೋಮಾರಿತನಕ್ಕೆ ಕಲ್ಲು ಸರಿಸಿ ಯು ಟರ್ನ್ ತೆಗೆದುಕೊಳ್ಳುತ್ತಾನೆ. ಸರಿಸಿದ್ದನ್ನು ಹಾಗೇ ಬಿಟ್ಟು ಹೋಗುತ್ತಾನೆ. ಅಷ್ಟೇ ಅಪರಾಧ. ಅದರ ಹಿಂದೆ ಬೀಳುವ ಪತ್ರಕರ್ತೆಯಾಗಿ ಶ್ರದ್ಧಾ ಶ್ರೀನಾಥ್. ಚಿತ್ರ ಬಿಟ್ಟು ಬೈಕ್ ಸ್ಟ್ಯಾಂಡಿಗೆ ಬಂದವರೆಲ್ಲ ಆವತ್ತು ಎಷ್ಟು ಶಿಸ್ತಾಗಿ ಸಾಲಿನಲ್ಲಿ ಹೊರಟರೆಂದರೆ, ಆ ಚಿತ್ರಮಂದಿರದ ಕಾವಲುಗಾರ ಅಂಥ ದೃಶ್ಯವನ್ನು ಮತ್ತೆ ಕಂಡಿರಲಾರ. ಬೀದಿಯಲ್ಲಿ ಮೂರು ಸೆಕೆಂಡು ಕಂಡು ಮಾಯವಾಗುವ ಕೆಟ್ಟವನಿಗೆ ನಾವು ಬೈಗುಳ ಬಿಟ್ಟು ಬೇರೇನೂ ಕೊಡಲಾರೆವು. ಅವನೊಳಗೆ ಏನಿದೆ ಎಂದು ನೋಡಲು ಪುರುಸೊತ್ತಾಗಲಿ, ಧೈರ್ಯವಾಗಲಿ ಯಾರಿಗಿದೆ? ಕಥೆ ಆ ಪುರುಸೊತ್ತು ಕೊಡುತ್ತದೆ. ಜೊತೆಗೆ ಅವನಿಂದ ನಮ್ಮ ಕಾಲ ಮೇಲೆ ಸ್ಕೂಟರು ಹತ್ತುವ ಭಯವೂ ಇರುವುದಿಲ್ಲ.

'ಈಗಿನ ಹುಡುಗರು ಮೊಬೈಲಿನಲ್ಲಿ ವಿಕೃತ ಕಥೆಗಳನ್ನು ನೋಡಿ ಕೆಡುತ್ತಿದ್ದಾರೆ' ಎಂದು ನಮ್ಮ ಎದುರುಮನೆಯ ನಿವೃತ್ತ ಕನ್ನಡ ಮೇಷ್ಟ್ರು ಆಗಾಗ ಹೇಳುವುದುಂಟು. ಮೇಷ್ಟ್ರ ಬಗ್ಗೆ ನನಗೆ ಗೌರವವಿದೆ. ಆದರೆ ಅವರೇ ಮೂವತ್ತು ವರ್ಷ ಪಾಠ ಮಾಡಿದ್ದು ಏನನ್ನು? ರನ್ನನ 'ಗದಾಯುದ್ಧ'ವನ್ನು. ಮುದುವೊಳಲಿನ ಬಳೆಗಾರರ ಮನೆಯ ಹುಡುಗ ರನ್ನ, ಹತ್ತನೇ ಶತಮಾನದ ಕೊನೆಯಲ್ಲಿ ಚಾಲುಕ್ಯರ ಆಸ್ಥಾನದಲ್ಲಿ ಕೂತು ಬರೆದ ಕಾವ್ಯ. ಅದರ ಇನ್ನೊಂದು ಹೆಸರು 'ಸಾಹಸಭೀಮ ವಿಜಯ'. ಭೀಮನನ್ನೂ ಆಶ್ರಯದಾತ ಸತ್ಯಾಶ್ರಯನನ್ನೂ ಒಂದಾಗಿಸಿ ಹೊಗಳಲು ಹೊರಟ ಪುಸ್ತಕವದು. ಸಂಬಳ ಬರುತ್ತಿದ್ದುದು ಭೀಮನ ಕಡೆಯಿಂದ. ಆದರೆ ಓದಿ ಮುಗಿಸಿದವರನ್ನು ಕೇಳಿ: ನೆನಪಿನಲ್ಲಿ ಉಳಿಯುವವನು ದುರ್ಯೋಧನ.

ಯುದ್ಧ ಬಹುಪಾಲು ಮುಗಿದಿದೆ. ಸಂಜಯನ ಜೊತೆ ಆತ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಿದ್ದಾನೆ. ದ್ರೋಣರ ದೇಹ, ದುಶ್ಶಾಸನನ ದೇಹ, ಕರ್ಣನ ದೇಹ ಒಂದೊಂದೇ ಎದುರಾಗುತ್ತವೆ. ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ. ಶತ್ರುವಿನ ಮಗನ ಪರಾಕ್ರಮವನ್ನು ಮನಸಾರೆ ಹೊಗಳುತ್ತಾನೆ, ತನಗೂ ಅಂಥ ಸಾವು ಸಿಗಲಿ ಅನ್ನುತ್ತಾನೆ. ಆ ಹುಡುಗನನ್ನು ಸುತ್ತುಗಟ್ಟಿ ಕೊಲ್ಲಿಸಿದ್ದು ಯಾರ ಪಡೆ ಎಂದು ನಾವು ಕೇಳಬೇಕು. ಕೇಳುವುದಿಲ್ಲ. ದ್ರೌಪದಿಯ ಸೀರೆ, ಅರಗಿನ ಮನೆ, ಎಲ್ಲ ಗೊತ್ತಿದ್ದೂ ಆ ಹೊತ್ತಿಗೆ ನಮ್ಮ ಗಂಟಲು ಕಟ್ಟಿರುತ್ತದೆ. ತಪ್ಪನ್ನು ಬಿಟ್ಟುಕೊಡದ ಛಲಕ್ಕೂ ಒಂದು ಘನತೆಯಿದೆ ಎಂದು ಒಪ್ಪಿಸಿಬಿಡುವುದು ರನ್ನನ ಕೈಚಳಕ. ಸತ್ಯಾಶ್ರಯ ಪೂರ್ತಿ ಓದಿಸಿ ಕೇಳಿದ್ದರೆ ಕವಿಯನ್ನು ಕರೆಸಿ, 'ಏನಯ್ಯಾ, ನಾನು ಯಾವ ಕಡೆ?' ಎಂದು ವಿಚಾರಿಸಿರಲೂಬಹುದು.

ಇದಕ್ಕಿಂತ ಕತ್ತಲು ಬೇಕೆಂದರೆ ಜನ್ನನ 'ಯಶೋಧರ ಚರಿತೆ'ಗೆ ಬರಬೇಕು. ಕಾಲ 1209, ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡವನು. ಉಜ್ಜಯಿನಿಯ ರಾಜ ಯಶೋಧರ, ರಾಣಿ ಅಮೃತಮತಿ. ಇಬ್ಬರಿಗೂ ರೂಪವಿದೆ, ಪ್ರೀತಿಯಿದೆ, ಅರಮನೆಯಿದೆ. ಒಂದು ಬೆಳಗಿನ ಜಾವ ಆನೆಯ ಲಾಯದ ಕಡೆಯಿಂದ ಹಾಡು ಕೇಳಿಸುತ್ತದೆ. ರಾಣಿಯ ಮನಸ್ಸು ಆ ದನಿಗೆ ಸೋಲುತ್ತದೆ. ನೋಡಿಕೊಂಡು ಬಾ ಎಂದು ದೂತಿಯನ್ನು ಅಟ್ಟುತ್ತಾಳೆ. ಹೋದವಳು ಹೇಸಿಕೊಂಡು ಬರುತ್ತಾಳೆ: ಅಷ್ಟಾವಂಕನೆಂಬ ಮಾವುತ, ಮೈಯೆಲ್ಲ ವಕ್ರ, ನೋಡಲಾಗದ ಕುರೂಪಿ. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬದಲಿಗೆ ಅಮೃತಮತಿ ದೂತಿಗೆ ಕಾರಣ ಕೊಡುತ್ತಾಳೆ. ಮನಸ್ಸು ಒಲಿದ ಮೇಲೆ ರೂಪ ಕುರೂಪ ಎಂಬ ಎಣಿಕೆಯೇ ಇಲ್ಲ ಎನ್ನುವ ಧಾಟಿಯ ಮಾತು. ಬೇರೆ ಕಡೆ ಹೇಳಿದ್ದರೆ ಮದುವೆಯ ಲಗ್ನಪತ್ರಿಕೆಗೆ ಹಾಕಿಸಬಹುದಾದಷ್ಟು ಒಳ್ಳೆಯ ಮಾತು. ಅದನ್ನು ಆಡುತ್ತಿರುವವಳು ಗಂಡನಿಗೆ ವಿಷವಿಕ್ಕಲಿರುವವಳು.

ಮುಂದಿನದನ್ನು ಇಂದಿನ ಯಾವ ವೆಬ್ ಸರಣಿಯವರು ಕಂಡರೂ ಅಸೂಯೆಪಡಬೇಕು. ಒಂದು ರಾತ್ರಿ ರಾಣಿ ತಡವಾಗಿ ಬರುತ್ತಾಳೆ. ಮಾವುತ ಕೂದಲು ಹಿಡಿದೆಳೆದು ಬಡಿಯುತ್ತಾನೆ. ಪಟ್ಟದರಸಿ ಅವನ ಕಾಲಿಗೆ ಬೀಳುತ್ತಾಳೆ. ಅನುಮಾನದಿಂದ ಹಿಂಬಾಲಿಸಿ ಬಂದ ರಾಜ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ. ಕತ್ತಿಗೆ ಕೈ ಹೋಗುತ್ತದೆ. ಇಂಥವರನ್ನು ಕೊಂದು ಕತ್ತಿ ಮೈಲಿಗೆಯಾಗುವುದೇಕೆ ಎಂದು ತಡೆಯುತ್ತಾನೆ. ಮರುದಿನ ಏನೂ ಆಗದವನಂತೆ ಅಂತಃಪುರಕ್ಕೆ ಬಂದು, ಸರಸದ ನೆವದಲ್ಲಿ ಅವಳನ್ನು ನೈದಿಲೆಯಿಂದ ಹೊಡೆಯುತ್ತಾನೆ. ರಾತ್ರಿ ಅಷ್ಟು ಏಟು ತಿಂದು ಸುಮ್ಮನಿದ್ದವಳು ಒಂದು ಹೂವಿನ ಪೆಟ್ಟಿಗೆ ಮೂರ್ಛೆ ಹೋಗುತ್ತಾಳೆ. ಆ ನಾಟಕವನ್ನು ನೋಡುತ್ತಿರುವ ಗಂಡನಿಗೆ ಎಲ್ಲ ಗೊತ್ತು. ಅವನಿಗೆ ಗೊತ್ತೆಂಬುದು ನಮಗೂ ಗೊತ್ತು. ಒಂದು ತೊಟ್ಟು ರಕ್ತವಿಲ್ಲದೆ, ಒಂದು ಹೂವಿನಲ್ಲಿ ಇಷ್ಟು ಹೆದರಿಸಿದ ದೃಶ್ಯವನ್ನು ನಾನು ಬೇರೆ ಕಡೆ ಓದಿಲ್ಲ.

ಜನ್ನ ಬರೆಯ ಹೊರಟದ್ದು ಅಹಿಂಸೆಯ ಕಥೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಹಿಂಸೆಯ ಸಂಕಲ್ಪ ಪಾಪವೇ, ಅದು ಜನ್ಮಜನ್ಮಕ್ಕೂ ಕಾಡುತ್ತದೆ ಎಂಬುದು ಅವನ ಧರ್ಮಬೋಧೆ. ನಾವು ನೆನಪಿಟ್ಟುಕೊಂಡದ್ದು ಅಮೃತಮತಿಯನ್ನು. ಏಳುನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಗಿರೀಶ ಕಾರ್ನಾಡರು ಅದೇ ಕಥೆ ಹಿಡಿದು 'ಹಿಟ್ಟಿನ ಹುಂಜ' ನಾಟಕ ಬರೆದಾಗಲೂ ರಂಗದ ಮೇಲೆ ಬೆಳಕು ಬಿದ್ದದ್ದು ರಾಣಿ ಮಾವುತರ ಮೇಲೆಯೇ. ಇದನ್ನೆಲ್ಲ ನಾನು ಎದುರುಮನೆಯ ಮೇಷ್ಟ್ರಿಗೆ ಹೇಳಿದೆ. ಅವರು, "ಅದು ಕಾವ್ಯ ಕಣ್ರೀ" ಎಂದು ಬಾಗಿಲು ಹಾಕಿಕೊಂಡರು. ಸಮಜಾಯಿಷಿ ಎಂದರೆ ಇದು.

ಕರಾವಳಿಯ ಕಡೆಯವರನ್ನು ಕೇಳಿದರೆ ಕೆಟ್ಟವನ ಪ್ರವೇಶ ಹೇಗಿರಬೇಕೆಂದು ಹೇಳುತ್ತಾರೆ. ಯಕ್ಷಗಾನದ ಬಣ್ಣದ ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತಾನೆ. ರಾಮ ಕೃಷ್ಣರ ಮೇಕಪ್ಪು ಅದರೆದುರು ಎಷ್ಟರದು! ಕೊನೆಗೆ ರಾಳದ ಪುಡಿ ಎರಚಿ ಭಗ್ಗೆಂದ ಬೆಂಕಿಯ ನಡುವೆ ಆರ್ಭಟಿಸುತ್ತ ಬರುವಾಗ, ಆವರೆಗೆ ತೂಕಡಿಸುತ್ತಿದ್ದ ಮಕ್ಕಳು ಎದ್ದು ಅಜ್ಜನ ಮಡಿಲಿಗೆ ಹಾರುತ್ತವೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ಜನ ನೆನೆಯುವುದೂ ಕೀಚಕ, ಭಸ್ಮಾಸುರರಿಗಾಗಿ. ಸೈರಂಧ್ರಿಗೆ ತೊಂದರೆ ಕೊಡುವ ಕೀಚಕನ ಶೃಂಗಾರ ಇನ್ನೂ ಸ್ವಲ್ಪ ಹೊತ್ತು ನಡೆಯಲಿ, ಭೀಮ ನಿಧಾನವಾಗಿ ಬರಲಿ ಎಂದು ಸಭ್ಯ ಗೃಹಸ್ಥರೇ ಬಯಸುತ್ತಿದ್ದರು.

ಸಿನಿಮಾದಲ್ಲಿ ಆ ಪಟ್ಟ ವಜ್ರಮುನಿಯವರದು. 'ಪ್ರಚಂಡ ರಾವಣ' ನಾಟಕದಲ್ಲಿ ರಾವಣನಾಗಿ ಹೆಸರು ಮಾಡಿ, 1969ರ 'ಮಲ್ಲಮ್ಮನ ಪವಾಡ'ದಿಂದ ಪರದೆಗೆ ಬಂದ ನಟಭೈರವ. ಟೆಂಟಿನಲ್ಲಿ ಅವರು ಕಾಣಿಸಿಕೊಂಡ ಕೂಡಲೇ ಹೆಂಗಸರ ಕಡೆಯಿಂದ ಶಾಪ, ಗಂಡಸರ ಕಡೆಯಿಂದ ಶಿಳ್ಳೆ. ಅವರಿಲ್ಲದಿದ್ದರೆ ರಾಜ್‌ಕುಮಾರ್ ಯಾರನ್ನು ಹೊಡೆಯಬೇಕಿತ್ತು? ಆದರೆ ಕೀಚಕನಾಗಲಿ, ವಜ್ರಮುನಿಯಾಗಲಿ ನಮ್ಮ ನಿದ್ದೆ ಕೆಡಿಸುವವರಲ್ಲ. ಅವರನ್ನು ಹೊರಗಿನಿಂದ ನೋಡುತ್ತೇವೆ. ಬಣ್ಣ ಎದ್ದು ಕಾಣುತ್ತದೆ. ನಾವು ಆ ಬಣ್ಣದವರಲ್ಲ ಎಂಬ ನೆಮ್ಮದಿಯಲ್ಲಿ ಮನೆಗೆ ಬಂದು ಮಲಗುತ್ತೇವೆ.

ಪತ್ತೇದಾರಿ ಕಾದಂಬರಿಗಳೂ ನೆಮ್ಮದಿಯವೇ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿಯವರೆಗೆ, ಬರೆದದ್ದು ಐದುನೂರಕ್ಕೂ ಹೆಚ್ಚು ಕಾದಂಬರಿ. ಬಸ್ ನಿಲ್ದಾಣದಲ್ಲಿ ಕೊಂಡರೆ ಊರು ಬರುವಷ್ಟರಲ್ಲಿ ಪತ್ತೇದಾರ ಪುರುಷೋತ್ತಮ ಕಳ್ಳನನ್ನು ಹಿಡಿದಿರಬೇಕು, ಹಿಡಿದಿರುತ್ತಿದ್ದ. ಕನ್ನಡ ಓದುವ ಚಟವನ್ನು ಎಷ್ಟೋ ಮನೆಗಳಿಗೆ ಹತ್ತಿಸಿದ ಪುಣ್ಯಾತ್ಮರು ಅವರು. ಅಲ್ಲಿ ಪ್ರಶ್ನೆ ಒಂದೇ: ಮಾಡಿದವನು ಯಾರು? ಉತ್ತರ ಸಿಕ್ಕಿದ ಮೇಲೆ ಪುಸ್ತಕವನ್ನು ಪಕ್ಕದ ಸೀಟಿನವರಿಗೆ ಕೊಟ್ಟು ಇಳಿಯಬಹುದು.

ಕತ್ತಲ ಕಥೆಗಳ ಕ್ರಮ ಬೇರೆ. ಮಾಡಿದವನು ಯಾರೆಂದು ಮೊದಲೇ ಗೊತ್ತು. ಎಷ್ಟೋ ಸಲ ಕಥೆ ಹೇಳುತ್ತಿರುವವನೇ ಅವನು. ಅಮೆರಿಕದ ಪ್ಯಾಟ್ರೀಷಿಯಾ ಹೈಸ್ಮಿತ್ 1955ರಲ್ಲಿ ಟಾಮ್ ರಿಪ್ಲಿ ಎಂಬವನನ್ನು ಸೃಷ್ಟಿಸಿದಳು. ಶ್ರೀಮಂತನೊಬ್ಬ ಇಟಲಿಯಲ್ಲಿ ಅಲೆಯುತ್ತಿರುವ ಮಗನನ್ನು ಕರೆತಾ ಎಂದು ಇವನನ್ನು ಖರ್ಚು ಕೊಟ್ಟು ಕಳಿಸುತ್ತಾನೆ. ಇವನು ಹೋಗಿ ಆ ಮಗನನ್ನೇ ದೋಣಿಯಲ್ಲಿ ಕೊಂದು, ಅವನ ಬಟ್ಟೆ ತೊಟ್ಟು, ಅವನ ಸಹಿ ಹಾಕಿ, ಅವನಾಗಿಯೇ ಬದುಕತೊಡಗುತ್ತಾನೆ. ಓದುವ ನಾವೇನು ಮಾಡುತ್ತೇವೆ? ಪೊಲೀಸರು ಬಾಗಿಲು ತಟ್ಟಿದಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಸಹಿ ಸರಿಯಾಗಿ ಬಿತ್ತೋ ಇಲ್ಲವೋ ಎಂಬ ಚಿಂತೆ ಅವನಿಗಿಂತ ನಮಗೆ ಹೆಚ್ಚು. ಹೆಣವನ್ನು ಮಹಡಿಯಿಂದ ಇಳಿಸುವಾಗ ನೆರೆಯವರು ಎದುರಾದರೆ, 'ಅಯ್ಯೋ, ಇವರಿಗೆ ಈಗಲೇ ಬರಬೇಕಿತ್ತೆ' ಎಂದು ನೆರೆಯವರ ಮೇಲೆಯೇ ಸಿಟ್ಟು ಬರುತ್ತದೆ. ಹೈಸ್ಮಿತ್ ಇವನ ಮೇಲೆ ಐದು ಕಾದಂಬರಿ ಬರೆದಳು. ಐದರಲ್ಲೂ ಇವನು ಜೈಲಿಗೆ ಹೋಗುವುದಿಲ್ಲ. ಕೆಲಸದಲ್ಲಿ ಅಚ್ಚುಕಟ್ಟು ಕಂಡರೆ ಕೆಲಸ ಯಾವುದೆಂದು ಕೇಳದೆ ಮೆಚ್ಚುವ ದುರಭ್ಯಾಸ ನಮಗಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಎಂಬವರು ಇಂಥ ಸುಖಗಳ ಬಗ್ಗೆ ತಲೆಕೆಡಿಸಿಕೊಂಡಿದ್ದಾರೆ. ಅವರ ಯೋಚನೆ ಶುರುವಾದದ್ದು ಮೆಣಸಿನಕಾಯಿಯಿಂದ. ನಾಲಿಗೆ ಉರಿಯುತ್ತದೆ, ಕಣ್ಣು ಮೂಗು ಸೋರುತ್ತವೆ, ಮೈ 'ಅಪಾಯ' ಎಂದು ಕೂಗುತ್ತದೆ. ಆದರೂ ಮನುಷ್ಯ ಇನ್ನೊಂದು ಕೊಡಿ ಅನ್ನುತ್ತಾನೆ. ಯಾಕೆಂದರೆ ನಿಜವಾಗಿ ಅಪಾಯವಿಲ್ಲ ಎಂದು ಮನಸ್ಸಿಗೆ ಗೊತ್ತು. ಮೈ ಹೆದರಿದಾಗ ಮನಸ್ಸು ಹೆದರದೆ ನಿಲ್ಲುವುದರಲ್ಲೇ ಒಂದು ಸುಖವಿದೆ ಎಂಬುದು ಅವರ ವಿವರಣೆ. ದುಃಖದ ಸಿನಿಮಾ, ಭಯದ ಕಥೆ ಎಲ್ಲವೂ ಅದೇ ಬಾಬಿನವು. ಮಳೆಗಾಲದ ಸಂಜೆ ಕೋಗಿಲು ಕ್ರಾಸಿನ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತ, ಹಾ ಹೂ ಎನ್ನುತ್ತ, ಎರಡನೆಯದಕ್ಕೆ ಕೈಯೊಡ್ಡುವವರನ್ನು ನೋಡಿದರೆ ರೋಜಿನ್ ಸಾಹೇಬರ ಸಿದ್ಧಾಂತಕ್ಕೆ ಬೇರೆ ಪುರಾವೆ ಬೇಡ.

ಆದರೆ ಮೆಣಸಿನಕಾಯಿ ಮಾತಾಡುವುದಿಲ್ಲ. ಕೆಟ್ಟವನು ಮಾತಾಡುತ್ತಾನೆ.

ನಮ್ಮ ಕಡೆ ಅಂಥ ಮಾತು ಕೇಳಬೇಕೆಂದರೆ ಟೀ ಅಂಗಡಿಗೆ ಹೋಗಬೇಕು. 2008ರ ಮೇನಲ್ಲಿ ದೇವನಹಳ್ಳಿಯಿಂದ ವಿಮಾನ ಹಾರತೊಡಗಿದ್ದೇ ತಡ, ಬಳ್ಳಾರಿ ರಸ್ತೆಯ ಎರಡೂ ಬದಿ ರಾಗಿ ಹೊಲಗಳೂ ದ್ರಾಕ್ಷಿ ತೋಟಗಳೂ ಸೈಟುಗಳಾದವು. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ಬಂದಿತ್ತು. ಹಾಗಾಗಿ ಎಷ್ಟೋ ವರ್ಷ ಹಬ್ಬಕ್ಕೆ ಕರೆಯದಿದ್ದ ಅಕ್ಕತಂಗಿಯರ ಮನೆಗೆ ಅಣ್ಣತಮ್ಮಂದಿರು ಹಣ್ಣು ಹೂವು ಹಿಡಿದು ಹೋಗತೊಡಗಿದರು. ಸಹಿ ಬೇಕಿತ್ತು. ಅಂಥ ತಮ್ಮನೊಬ್ಬ ಒಂದು ಸಂಜೆ ನನ್ನ ಪಕ್ಕದ ಬೆಂಚಿನಲ್ಲಿ ಕೂತು, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕನ ಸಹಿ ತಂದ ಕಥೆ ಹೇಳಿದ.

"ಅವಳಿಗೇನು ಕಡಿಮೆ ಸಾರ್? ಮೈಸೂರಲ್ಲಿ ಮೂರು ಅಂತಸ್ತಿನ ಮನೆ. ಭಾವ ಸರ್ಕಾರಿ ನೌಕರ. ನಾವು ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ವಿ, ಸೀರೆ ಉಡಿಸಿದ್ವಿ. ಬೀಗರ ಮುಂದೆ ಕೋರ್ಟು ಕಚೇರಿ ಅಂತ ಅಲೆದ್ರೆ ಅವಳ ಮರ್ಯಾದೇನೇ ಹೋಗೋದು. ಅವಳ ಒಳ್ಳೇದಕ್ಕೇ ಮಾಡಿದ್ದು."

ಹೇಳುವಾಗ ಅವನ ದನಿಯಲ್ಲಿ ಅಕ್ಕನ ಮೇಲೆ ನಿಜವಾದ ಮಮತೆ ಇತ್ತು. ಚಿಕ್ಕವನಿದ್ದಾಗ ಅವಳು ಇವನನ್ನು ಸೊಂಟದ ಮೇಲೆ ಎತ್ತಿಕೊಂಡು ಶಾಲೆಗೆ ಬಿಡುತ್ತಿದ್ದಳಂತೆ. ಅಕ್ಕ ಸಹಿ ಮಾಡುವಾಗ ಪೆನ್ನು ಬರೆಯಲಿಲ್ಲವೆಂದೂ, ತಾನೇ ಜೇಬಿನಿಂದ ಇನ್ನೊಂದು ತೆಗೆದು, ಶಾಯಿ ಬರುತ್ತದೆಯೇ ಎಂದು ಅಂಗೈ ಮೇಲೆ ಗೀರಿ ನೋಡಿ ಕೊಟ್ಟೆನೆಂದೂ ನಗುತ್ತ ಹೇಳಿದ. ನನ್ನ ಟೀ ದುಡ್ಡನ್ನೂ ಅವನೇ ಕೊಟ್ಟ. ತುಂಬ ಸ್ನೇಹಮಯಿ. ನನಗೆ ಅವನು ಇಷ್ಟವಾದ ಎಂಬುದೇ ಇಲ್ಲಿ ತೊಡಕಿನ ಸಂಗತಿ. ಅಕ್ಕನ ಕಡೆಯ ಕಥೆ ಹೇಳಲು ಆ ಬೆಂಚಿನಲ್ಲಿ ಯಾರೂ ಇರಲಿಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದವರಿಗೆ ಈ ಬೆಂಚು ಪರಿಚಿತ. 2013ರಲ್ಲಿ ಬಂದ ಸಣ್ಣ ಕಾದಂಬರಿ. ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದ ಮೇಲೆ ದೂರದೇಶದವರೂ ಓದಿ ಬೆಚ್ಚಿದರು. ಬೆಂಗಳೂರಿನ ಕಾಫಿ ಹೌಸೊಂದರಲ್ಲಿ ಕೂತ ಗಂಡಸೊಬ್ಬ ತನ್ನ ಮನೆಯ ಕಥೆ ಹೇಳುತ್ತಾನೆ. ಮೊದಲು ಇರುವೆಗಳು ಮುತ್ತುವ ಪುಟ್ಟ ಬಾಡಿಗೆ ಮನೆ, ಅಪ್ಪನ ಸಣ್ಣ ಸಂಬಳ, ಲೆಕ್ಕ ಹಾಕಿ ಖರ್ಚು. ಆಮೇಲೆ ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ ಕುದುರಿ, ಮನೆ ದೊಡ್ಡದಾಗಿ, ಎಲ್ಲರೂ ಚಿಕ್ಕಪ್ಪನ ಸುತ್ತ ಬೇಲಿ ಕಟ್ಟಿಕೊಂಡು ಕೂರುತ್ತಾರೆ. ಈತ ಆ ಕಂಪನಿಯ ನಿರ್ದೇಶಕ. ಸಂಬಳ ಬರುತ್ತದೆ, ಕೆಲಸವಿಲ್ಲ. ಅದಕ್ಕೇ ಕಾಫಿ ಹೌಸು.

ಈತ ಯಾರ ಮೇಲೂ ಕೈ ಎತ್ತುವುದಿಲ್ಲ. ಒಂದು ದಿನ ಚಿಕ್ಕಪ್ಪನಿಗೆ ಇಷ್ಟವೆಂದು ಅಡುಗೆ ಮಾಡಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಒಳಗಿದ್ದೂ ಬರುವುದಿಲ್ಲ. ಈತ ನೋಡುತ್ತ ನಿಲ್ಲುತ್ತಾನೆ. ಎದುರು ಮಾತಾಡುವವಳು ಹೊಸದಾಗಿ ಬಂದ ಹೆಂಡತಿ ಅನಿತಾ ಒಬ್ಬಳೇ, ಆ ಮನೆಯಲ್ಲಿ ಬೇಡವಾಗುವವಳೂ ಅವಳೇ. ಎಂಥ ಸಭ್ಯ, ಎಂಥ ನವಿರು ದನಿಯಲ್ಲಿ ಈತ ಇದನ್ನೆಲ್ಲ ವಿವರಿಸುತ್ತಾನೆಂದರೆ, ಅರ್ಧ ಪುಸ್ತಕದವರೆಗೆ ನಾವು ಅವನ ಕಡೆಯೇ ಇರುತ್ತೇವೆ. ಅಡುಗೆಮನೆಯ ಇರುವೆಗಳನ್ನು ಹೊಸಕುವ ಉತ್ಸಾಹಕ್ಕೂ ನಗುತ್ತೇವೆ. ಮನೆಯೆಂದ ಮೇಲೆ ಇದೆಲ್ಲ ಇರುವುದೇ, ಒಗ್ಗಟ್ಟು ಮುಖ್ಯ ಅನ್ನುತ್ತೇವೆ. ನಾವು ತಲೆಯಾಡಿಸುತ್ತ ಬಂದದ್ದು ಯಾವುದಕ್ಕೆ ಎಂಬ ಅನುಮಾನ ಹೊಟ್ಟೆಯಲ್ಲಿ ಶುರುವಾಗುವ ಹೊತ್ತಿಗೆ ಪುಟಗಳು ಮುಗಿಯುತ್ತಿರುತ್ತವೆ. ಕೊನೆಯನ್ನು ನಾನು ಹೇಳುವುದಿಲ್ಲ.

ಇಂಥ ಪಾತ್ರ ನಮಗೆ ಬೇಕೇಬೇಕು ಎಂದು ನನಗನ್ನಿಸುವುದು ಇದಕ್ಕೇ. ದುರ್ಯೋಧನನ ಹಾಗೆ ಛಲ ಸಾಧಿಸುವ ಅವಕಾಶ ನಮಗೆ ಬರುವುದಿಲ್ಲ, ರಿಪ್ಲಿಯ ಹಾಗೆ ಕೊಲ್ಲುವ ಧೈರ್ಯವೂ ಇಲ್ಲ. ಆದರೆ ಆ ಸಮಜಾಯಿಷಿಗಳು ನಮ್ಮವೇ. 'ನಾನೇನು ಮಾಡಿದೆ, ಸುಮ್ಮನಿದ್ದೆ ಅಷ್ಟೆ', 'ಅವಳ ಒಳ್ಳೇದಕ್ಕೇ', 'ಇಲ್ಲೇ ಪಕ್ಕದಲ್ಲೇ'. ನಮ್ಮ ಬಾಯಲ್ಲಿದ್ದಾಗ ಅವು ವಿವೇಕದ ಮಾತುಗಳು. ಕಥೆಯ ಕೆಟ್ಟವನ ಬಾಯಿಂದ ಬಂದಾಗ ಅವುಗಳ ನಿಜವಾದ ದನಿ ಕೇಳಿಸುತ್ತದೆ. ಒಳ್ಳೆಯ ನಾಯಕನಿಂದ ಈ ಉಪಕಾರ ಆಗದು. ಅವನ ಮುಂದೆ ನಾವು ಚೆನ್ನಾಗಿ ಕಾಣಲೆಂದು ನೆಟ್ಟಗೆ ನಿಂತಿರುತ್ತೇವೆ.

ಎರಡು ತಕರಾರು ಮಾತ್ರ ನನಗಿವೆ. ಒಂದು, ಗಂಡಸು ಪಾತ್ರ ಕೆಟ್ಟದಾದರೆ ಅವನಿಗೆ ಆಂಟಿಹೀರೋ ಎಂಬ ಬಿರುದು, ಹಿನ್ನೆಲೆಗೆ ಸಂಗೀತ. 2021ರ 'ಗರುಡ ಗಮನ ವೃಷಭ ವಾಹನ'ದಲ್ಲಿ ರಾಜ್ ಬಿ. ಶೆಟ್ಟಿಯ ಶಿವ ಕೊಲೆಯ ಬೆನ್ನಿಗೇ ಕುಣಿದಾಗ ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಶಿಳ್ಳೆ ಹಾಕಿತು. ಹೆಂಗಸು ಪಾತ್ರ ಕೆಟ್ಟದಾದರೆ ಮಾತ್ರ, 'ಹೆಣ್ಣು ಹೀಗಿರುತ್ತಾಳೆಯೇ?' ಎಂಬ ಪ್ರಶ್ನೆ. ಅಮೃತಮತಿಗೆ ವ್ಯಾಖ್ಯಾನಕಾರರು ಕೊಟ್ಟ ಬೈಗುಳ ಕೀಚಕನಿಗೂ ಸಿಕ್ಕಿರಲಿಕ್ಕಿಲ್ಲ. ಗಿಲಿಯನ್ ಫ್ಲಿನ್ 2012ರಲ್ಲಿ 'ಗಾನ್ ಗರ್ಲ್' ಬರೆದು, ಸುಳ್ಳು ಡೈರಿ ಬರೆದಿಟ್ಟು ಗಂಡನನ್ನು ಸಿಕ್ಕಿಸುವ ಏಮಿಯನ್ನು ತಂದಾಗಲೂ ಇದೇ ಗಲಾಟೆಯಾಯಿತು. ಕೆಟ್ಟವರಾಗುವುದರಲ್ಲಾದರೂ ಸಮಪಾಲು ಕೊಡಬಾರದೆ?

ಎರಡನೆಯದು ನಿಜವಾದ ಕೊಲೆಗಾರರ ವಿಷಯ. 2012ರಲ್ಲಿ ನಿಜವಾದ ಕೊಲೆಗಡುಕರ ಗುಂಪೊಂದರ ಮೇಲೆ 'ದಂಡುಪಾಳ್ಯ' ಚಿತ್ರ ಬಂದಾಗ ಜನ ಮುಗಿಬಿದ್ದು ನೋಡಿದರು. ಕುಡಿಯಲು ನೀರು ಕೇಳಿಕೊಂಡು ಬಾಗಿಲಿಗೆ ಬರುವವರಿಗೆ ಹೆದರಿ ಬೆಂಗಳೂರಿನ ಹೆಂಗಸರು ಚಿಲಕ ಬಿಗಿಮಾಡಿಕೊಂಡಿದ್ದ ಕಾಲ ನೆನಪಿರುವವರು ನಾವು. ಆ ಗುಂಪು ನುಗ್ಗಿದ ಮನೆಗಳಲ್ಲಿ ಸತ್ತವರಿಗೆ ಮಕ್ಕಳು ಮೊಮ್ಮಕ್ಕಳಿದ್ದಾರೆ; ಇದೇ ಊರಿನಲ್ಲಿ ಬಸ್ಸು ಹತ್ತುತ್ತಾರೆ. ಕಲ್ಪನೆಯ ಕೊಲೆಗಾರನ ಒಳಗನ್ನು ಎಷ್ಟು ಬೇಕಾದರೂ ಕೆದಕೋಣ, ಅವನಿಂದ ಸತ್ತವರೂ ಕಲ್ಪನೆಯವರೇ. ನಿಜದವನ ಕಥೆಗೆ ಮಾತ್ರ ಚಪ್ಪಾಳೆ ಬೇಡ.

ಕೊನೆಗೊಂದು ವಿನಂತಿ. ಅಮೃತಮತಿಯನ್ನು, ದುರ್ಯೋಧನನನ್ನು, ಸೋನಾ ಮಸಾಲಾದ ಆ ಮೆದುದನಿಯ ನಿರ್ದೇಶಕನನ್ನು ಇನ್ನೂ ಭೇಟಿಯಾಗದಿದ್ದರೆ ಆಗಿ. ಹಳಗನ್ನಡ ಕಷ್ಟವೆನ್ನುವವರಿಗೆ ಹೊಸಗನ್ನಡದ ಗದ್ಯಾನುವಾದಗಳು ಸಿಗುತ್ತವೆ. 'ಘಾಚರ್ ಘೋಚರ್' ಒಂದು ಸಂಜೆಗೆ ಮುಗಿಯುವಷ್ಟು ಚಿಕ್ಕದು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಚಿತ್ರ ಎಂದು ಪೋಸ್ಟರಿನಲ್ಲಿ ಹಾಕುತ್ತಾರಲ್ಲ, ಇವು ಆ ಜಾತಿಯವಲ್ಲ. ಮನೆಮಂದಿಯೆಲ್ಲ ಓದಬೇಕು, ಆದರೆ ಒಬ್ಬೊಬ್ಬರೇ ಕೂತು ಓದಬೇಕು.